ಅಂಗಳದ ಹಾರ್ನು

ಮಗಳು ಮಿಕ್ಸರಿನಲ್ಲಿ ಸದ್ದು ಏರಿಳಿಸುವ ಫೇಡರುಗಳನ್ನು ಒಂದೊಂದಾಗಿ ಕೆಳಗೆ ಎಳೆಯುತ್ತ ಹೋದಳು. ಪ್ರಾರ್ಥನೆಯ ಮೈಕು ಇಳಿಯಿತು. ಹಾಡುವವರ ಮೈಕುಗಳು ಇಳಿದವು. ಸಭಾಂಗಣದ ಸ್ಪೀಕರ್ ಬಾಕ್ಸುಗಳೆಲ್ಲ ಸುಮ್ಮನಾದವು. ಆದರೂ ಕಿಟಕಿಯಾಚೆ, ಅಂಗಳದಲ್ಲಿ ಕೂತಿದ್ದ ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ, ಮುಖವೆತ್ತಿ, ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನ ಹಾರ್ನಿನ ಕಡೆ ನೋಡತೊಡಗಿದ್ದರು.

ಆ ನೋಟವನ್ನು ಅವಳು ಹಿಂದೊಮ್ಮೆ ಕಂಡಿದ್ದಳು.

ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಒಂದೊಂದು ಮೈಕನ್ನೂ ಬೇರೆಬೇರೆಯಾಗಿ ಕೇಳಿದಳು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಫ್ಯಾನಿನ ಸದ್ದು. ನಾಲ್ಕನೆಯದರಲ್ಲಿ ಚಿಕ್ಕಪ್ಪನ ಧ್ವನಿ ಸಿಕ್ಕಿತು. ಪ್ರಾರ್ಥನೆ ಹೇಳುವ ಹಿರಿಯರ ಅಂಗಿಗೆ ಸಿಕ್ಕಿಸಿದ್ದ ಸಣ್ಣ ಮೈಕು ಅದು. ಹಿರಿಯರು ಪಕ್ಕದ ಕೋಣೆಯಲ್ಲಿ ಕೂತಿದ್ದರು, ಚಿಕ್ಕಪ್ಪ ಅವರೊಡನೆ ಮಾತಾಡುತ್ತಿದ್ದ.

"ಆ ಶಾಲೆ ವಿಷಯ ಮಾತ್ರ ಎತ್ತಬೇಡಿ. ಹನ್ನೆರಡು ವರ್ಷ ಊರೆಲ್ಲ ನಮ್ಮಣ್ಣನ್ನ ಡಂಗುರ ಅಂತ ಕರೆದಿದ್ದು ಸಾಕು. ಮಣ್ಣಿಗೆ ಹೋಗೋ ದಿನಾನಾದ್ರೂ..."

ಆಗ ಅವಳಿಗೆ ಹೊಳೆಯಿತು. ಫೇಡರ್ ಇಳಿಸಿದರೆ ಒಳಗಿನ ಬಾಕ್ಸುಗಳು ಮಾತ್ರ ಮುಚ್ಚುತ್ತವೆ. ಅಂಗಳದ ಹಾರ್ನಿಗೆ ಸದ್ದು ಕಳಿಸುವುದಕ್ಕೆ ಪ್ರತಿ ಮೈಕಿಗೂ ಮೇಲೊಂದು ಸಣ್ಣ ಗುಂಡಿಯಿದೆ, ಅದಕ್ಕೆ ಫೇಡರಿನ ಹಂಗಿಲ್ಲ. ಹೊರಗಿನವರಿಗೂ ಪ್ರಾರ್ಥನೆ ಕೇಳಲೆಂದು ಬೆಳಿಗ್ಗೆ ಅವಳೇ ಆ ಗುಂಡಿಯನ್ನು ತೆರೆದಿದ್ದಳು, ಮರೆತಿದ್ದಳು. ಈಗ ಅದನ್ನು ತಿರುಗಿಸಿ ಮುಚ್ಚಿದಳು. ಅಂಗಳದಲ್ಲಿ ಮುಖಗಳು ಕೆಳಗಾದವು. ಯಾರೋ ಒಬ್ಬರು, ಡಂಗುರ ಹೋದ್ರೂ ಡಂಗುರ ನಿಲ್ಲಲಿಲ್ಲ ನೋಡಿ ಎಂದರು. ಒಂದಿಬ್ಬರು ನಕ್ಕು, ನಗಬಾರದೆಂದು ನೆನಪಾಗಿ ಕೆಮ್ಮಿದರು.

ಸಭಾಂಗಣದ ಮುಂದುಗಡೆ, ಬಿಳಿ ಬಟ್ಟೆಯ ಕೆಳಗೆ ಅವಳ ಅಪ್ಪ ಮಲಗಿದ್ದರು. ಊರಿನ ಮೈಕಿನವರು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ವೈರು ಸುತ್ತುತ್ತ ಕೂತವರು ಮತ್ತೆ ಏಳಲಿಲ್ಲ.

ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತ ಬಂದ.

"ಏನಮ್ಮಾ, ನನ್ನ ಮಾತು ಆಚೆ ಕೇಳಿಸ್ತಂತೆ?"

"ಕೇಳಿಸ್ತು ಚಿಕ್ಕಪ್ಪ."

"ಎಲ್ಲಿಂದ?"

"ಶಾಲೆ ವಿಷಯದಿಂದ ಇರ್ಬೇಕು."

"ಸದ್ಯ. ನಿಮ್ಮ ಚಿಕ್ಕಮ್ಮನ ವಿಷಯ ಅದಕ್ಕೆ ಮುಂಚೆ ಮಾತಾಡಿದ್ದೆ." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ ದನಿ ತಗ್ಗಿಸಿ, "ಆ ಶಾಲೆ ಟೀಚರಮ್ಮ ಬಂದಿದ್ದಾರೆ. ಗೇಟಿನ ಹತ್ರ ಆಟೋ ಇಳೀತಿದಾರೆ. ಏನು ಕೇಳೋಕೆ ಬಂದ್ರೋ" ಎಂದ.

ಮಗಳು ಆ ಸಣ್ಣ ಗುಂಡಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಿದಳು.

*

ಹನ್ನೆರಡು ವರ್ಷದ ಹಿಂದೆ ಅದು ಶಾಲೆಯ ವಾರ್ಷಿಕ ದಿನ. ಸಭಾಂಗಣ ತುಂಬಿ, ಉಳಿದ ತಂದೆತಾಯಿಗಳು ಅಂಗಳದಲ್ಲಿ ಕೂತಿದ್ದರು. ಆ ದಿನವೂ ಕಂಬಕ್ಕೆ ಹಾರ್ನು ಕಟ್ಟಿತ್ತು. ಬಾಕ್ಸಿನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿತ್ತೆಂದು ಅಪ್ಪ ಕರೆಂಟಿನ ಬೋರ್ಡು ನೋಡಲು ಹಿತ್ತಲಿಗೆ ಹೋಗಿದ್ದರು. ಮಿಕ್ಸರಿನ ಮುಂದೆ ಮಗಳಿದ್ದಳು, ಆಗ ಅವಳಿಗೆ ಇಪ್ಪತ್ತೆರಡು. ಮುಖ್ಯೋಪಾಧ್ಯಾಯಿನಿಯಾಗಿದ್ದ ಟೀಚರಮ್ಮ ಭಾಷಣ ಮುಗಿಸಿ, ಸೀರೆಗೆ ಸಿಕ್ಕಿಸಿದ್ದ ಮೈಕು ಬಿಚ್ಚದೆಯೇ ಪಕ್ಕದ ಕೋಣೆಗೆ ಹೋದರು. ಮಗಳು ಫೇಡರ್ ಇಳಿಸಿ, ಮುಚ್ಚಿತೆಂದುಕೊಂಡಳು.

ಕೋಣೆಯಲ್ಲಿ ಟೀಚರಮ್ಮ ತಮ್ಮ ತಂಗಿಯ ಹತ್ತಿರ ಹೇಳಿಕೊಂಡರು. ಕಣ್ಣು ಹೋಗುತ್ತಿದೆ. ಪುಸ್ತಕದ ಅಕ್ಷರ ಕಾಣುವುದಿಲ್ಲ. ಎರಡು ವರ್ಷದಿಂದ ಪಾಠವನ್ನು ಬಾಯಿಪಾಠ ಮಾಡಿ ಹೇಳುತ್ತಿದ್ದೇನೆ, ಹಾಜರಿಯನ್ನು ಮಕ್ಕಳ ದನಿಯಿಂದ ಹಾಕುತ್ತಿದ್ದೇನೆ. ಗೊತ್ತಾದರೆ ಮನೆಗೆ ಕಳಿಸುತ್ತಾರೆ, ಮನೆಯಲ್ಲಿ ಕೂತರೆ ನಾನು ಸತ್ತೇಹೋಗುತ್ತೇನೆ. ಅಳುತ್ತ ಹೇಳಿದ ಇದೆಲ್ಲ ಅಂಗಳದ ನಾನೂರು ಜನರಿಗೆ ಸ್ಪಷ್ಟವಾಗಿ ಕೇಳಿಸಿತು. ಒಳಗಿದ್ದ ಮಗಳಿಗೆ ಕೇಳಿಸಲಿಲ್ಲ. ಕಿಟಕಿಯಾಚೆ ಎಲ್ಲರೂ ಮುಖವೆತ್ತಿ ಹಾರ್ನನ್ನು ನೋಡುತ್ತಿದ್ದುದಷ್ಟೇ ಅವಳಿಗೆ ಕಂಡದ್ದು.

ಅಪ್ಪ ಓಡಿ ಬಂದರು. ಮಿಕ್ಸರನ್ನು ಒಂದು ಸಲ ನೋಡಿದರು. ಆ ಸಣ್ಣ ಗುಂಡಿಯನ್ನು ಮುಚ್ಚಿದರು.

"ನೀನು ಹೋಗಿ ವ್ಯಾನಲ್ಲಿ ಕೂತ್ಕೋ" ಎಂದರು.

ಟೀಚರಮ್ಮನ ಮುಂದೆ ನಿಂತು, ತಪ್ಪು ನನ್ನದು ಎಂದು ಅಪ್ಪನೇ ಹೇಳಿದರಂತೆ. ಮುಂದಿನ ವಾರ ಟೀಚರಮ್ಮನ ಕೆಲಸ ಹೋಯಿತು. ಮನೆಗೆ ಬರುವಾಗ ವ್ಯಾನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ನೀನು ಇನ್ನೂ ಮೂವತ್ತು ವರ್ಷ ಈ ಕೆಲಸ ಮಾಡ್ಬೇಕು. ನಿನ್ನ ಹೆಸರು ಕೆಟ್ರೆ ಯಾರೂ ಕರೆಯಲ್ಲ. ನನ್ನದು ಹೆಂಗೂ ಮುಗೀತಾ ಬಂತು. ಅಮ್ಮನಿಗೂ ಹೇಳ್ಬೇಡ."

ಅವಳು ಹೇಳಲಿಲ್ಲ. ಅಂದಿನಿಂದ ಅಪ್ಪನಿಗೆ ಹೆದರಿಕೆ ಅಂಟಿಕೊಂಡಿತು. ಯಾವ ಸಭೆಯಿರಲಿ, ಶುರುವಾಗುವ ಮುಂಚೆ ಅಂಗಳಕ್ಕೆ ಹೋಗಿ ಕಿವಿಗೆ ಅಂಗೈ ಹಿಡಿದು ನಿಲ್ಲುತ್ತಿದ್ದರು. ಮನೆಯಲ್ಲೂ ದನಿ ತಗ್ಗಿತು. ಸಾರಿಗೆ ಉಪ್ಪು ಕಡಿಮೆಯಾದರೆ ಅದನ್ನೂ ಪಿಸುಗುಟ್ಟಿ ಹೇಳುತ್ತಾರೆ, ಜಗಳ ಆಡಬೇಕೆಂದರೂ ನನ್ನನ್ನು ಹಿತ್ತಲಿಗೆ ಕರೆಯುತ್ತಾರೆ ಎಂದು ಅಮ್ಮ ನಗುತ್ತಿದ್ದಳು. ಅಷ್ಟು ಸದ್ದಿಲ್ಲದ ಮನುಷ್ಯನನ್ನು ಊರು ಡಂಗುರ ಎಂದು ಕರೆಯಿತು.

*

ಟೀಚರಮ್ಮ ತಂಗಿಯ ಕೈ ಹಿಡಿದು ಒಳಗೆ ಬಂದರು. ಕಣ್ಣು ಈಗ ಪೂರ್ತಿ ಹೋಗಿತ್ತು. ಮುಂದೆ ಜಾಗವಿರಲಿಲ್ಲ. ಚಿಕ್ಕಪ್ಪ ಅವರನ್ನು ಕಡೆಯ ಸಾಲಿನಲ್ಲಿ, ಮಿಕ್ಸರಿನ ಪಕ್ಕದಲ್ಲೇ ಕೂರಿಸಿಬಿಟ್ಟ. ಮಗಳಿಗೂ ಅವರಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಅವಳು ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿದಳು. ಉಸಿರನ್ನೂ ಮೆಲ್ಲಗೆ ಬಿಟ್ಟಳು. ಆದರೂ ಅವಳು ಗುಂಡಿ ತಿರುಗಿಸಿದ ಸದ್ದು ಕೇಳಿ ಟೀಚರಮ್ಮ ಅವಳ ಕಡೆ ತಿರುಗಿದರು.

"ಮಗಳು ಅಲ್ವೇನಮ್ಮಾ?"

"ಹೌದು ಟೀಚರ್."

"ನಿಮ್ಮಪ್ಪ ಆ ದಿನ ನನ್ನ ಮುಂದೆ ನಿಂತು ತಪ್ಪು ನನ್ನದು ಅಂದ್ರು. ಮಕ್ಕಳು ಸುಳ್ಳು ಹೇಳುವಾಗ ದನಿ ಹೇಗಿರುತ್ತೆ ಅಂತ ನನಗೆ ಗೊತ್ತು. ಇಪ್ಪತ್ತೆಂಟು ವರ್ಷ ಕೇಳಿದೀನಿ." ಅವರು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಯಾರಿಗೋಸ್ಕರ ಅಂತ ಇವತ್ತಿಗೂ ಕೇಳಲಿಲ್ಲ. ಕೇಳೋಕೆ ಇನ್ನು ಅವರಿಲ್ಲ."

ಮಗಳು ಸಭಾಂಗಣದ ಸುತ್ತ ಕಣ್ಣಾಡಿಸಿದಳು. ಈ ಊರಿನಲ್ಲಿ ಅವಳನ್ನು ಕೆಲಸಕ್ಕೆ ಕರೆಯುವವರೆಲ್ಲ ಇದೇ ಸೂರಿನ ಕೆಳಗೆ, ಇದೇ ಅಂಗಳದಲ್ಲಿ ಕೂತಿದ್ದರು. ಅಮ್ಮನ ಊಟವೂ ಇನ್ನು ಇದೇ ಮಿಕ್ಸರಿನಿಂದ ಬರಬೇಕು. ಸುಮ್ಮನಿದ್ದರೆ ಇನ್ನರ್ಧ ಗಂಟೆಯಲ್ಲಿ ಅಪ್ಪನ ಜೊತೆ ಎಲ್ಲವೂ ಮಣ್ಣಿನೊಳಗೆ ಹೋಗುತ್ತದೆ. ದೇವರೇ, ಬೇಗ ಮುಗಿಸು ಎಂದು ಬೇಡಿಕೊಂಡಳು. ಬೇಡಿದ ಮೇಲೆ, ಅಪ್ಪ ಬೇಗ ಹೋಗಲಿ ಎಂದು ತಾನು ಕೇಳಿದೆನಲ್ಲ ಎಂದು ಅದಕ್ಕೂ ಹೆದರಿದಳು.

ಹಿರಿಯರು ಪ್ರಾರ್ಥನೆ ಮುಗಿಸಿದರು. ಅವರ ದನಿ ಸಣ್ಣದು, ಅದು ಅಂಗಿಯ ಮೈಕಿಗೆ ಸಾಲದೆಂದು ಅವಳು ಅವರ ಮುಂದಿನ ನಿಲುವು ಮೈಕಿನ ಫೇಡರನ್ನೂ ತುಂಬಾ ಮೇಲೆ ಏರಿಸಿ ಇಟ್ಟಿದ್ದಳು. ಚಿಕ್ಕಪ್ಪ ಅದರ ಮುಂದೆ ಬಂದು ನಿಂತ. ಅಂಗಳದವರೆಲ್ಲ ಹೇಗೂ ಕೇಳಿಸಿಕೊಂಡಾಗಿದೆ, ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಅವನಿಗೆ ಅನ್ನಿಸಿರಬೇಕು.

"ನಮ್ಮಣ್ಣ ಜೀವನದಲ್ಲಿ ಒಂದೇ ಒಂದು ತಪ್ಪು ಮಾಡಿದ. ಅದರಿಂದ ಒಬ್ಬರ ಅನ್ನ ಹೋಯ್ತು. ಆ ತಾಯಿ ಇಲ್ಲೇ ಇದಾರೆ. ಅಣ್ಣನ ಪರವಾಗಿ ಅವರ ಕಾಲು ಹಿಡಿದು ಕೇಳ್ತೀನಿ, ಅವನನ್ನ ಕ್ಷಮಿಸಿ ಕಳಿಸಿಕೊಡಿ."

ಅಮ್ಮ ಮುಂದಿನ ಸಾಲಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲ್ಲರೂ ತಿರುಗಿ ಕಡೆಯ ಸಾಲನ್ನು ನೋಡಿದರು. ಟೀಚರಮ್ಮ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು. ಹೊರುವವರು ನಾಲ್ಕು ಜನ ಎದ್ದು, ತೋಳು ಮಡಚಿಕೊಂಡು, ಅಪ್ಪನ ಎರಡೂ ಬದಿಗೆ ಹೋಗಿ ನಿಂತರು.

ಮಗಳು ಹೆಡ್‌ಫೋನ್ ತೆಗೆದಿಟ್ಟಳು. ಎದ್ದಳು. ಕುರ್ಚಿಗಳ ನಡುವೆ ನಡೆದು ಮುಂದೆ ಹೋಗಿ, ಹೊರುವವರನ್ನು ಕೈಯೆತ್ತಿ ತಡೆದು, ಚಿಕ್ಕಪ್ಪನ ಮುಂದಿನ ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಗೆ ತೆಗೆದುಕೊಂಡಳು.

"ಅಪ್ಪ ಮಾಡಿದ್ದಲ್ಲ" ಎಂದಳು. "ಆ ದಿನ ಮಿಕ್ಸರ್ ಹತ್ರ ಇದ್ದಿದ್ದು ನಾನು. ಗುಂಡಿ ಮುಚ್ಚದೆ ಬಿಟ್ಟಿದ್ದು ನಾನು. ಇವತ್ತೂ ನಾನೇ ಬಿಟ್ಟಿದ್ದೆ."

ಇನ್ನೂ ಹೇಳುವುದಿತ್ತು. ಅಪ್ಪನ ಕಡೆ ಒಂದು ಹೆಜ್ಜೆ ಸರಿದಳು. ಅಲ್ಲಿ ಬಾಕ್ಸು ಎದುರಾಯಿತು, ಮೈಕು ತನ್ನ ಸದ್ದನ್ನು ತಾನೇ ಹಿಡಿದು ಕೂಗತೊಡಗಿತು. ಸಣ್ಣ ಸೀಟಿಯಾಗಿ ಶುರುವಾದದ್ದು ಗಾಜು ಗೀಚಿದ ಹಾಗೆ ಏರುತ್ತ ಹೋಯಿತು. ಜನ ಕಿವಿ ಮುಚ್ಚಿಕೊಂಡರು. ಚಿಕ್ಕಪ್ಪ ಏನೋ ಅರಚಿದ, ಕೇಳಿಸಲಿಲ್ಲ. ಮೈಕನ್ನು ಬೇರೆ ಕಡೆ ತಿರುಗಿಸಬೇಕೆಂದು ಅವಳಿಗೆ ಗೊತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಮಿಕ್ಸರಿನ ಮುಂದಿನ ಕುರ್ಚಿ ಖಾಲಿಯಿತ್ತು.

ಆ ಖಾಲಿ ಕುರ್ಚಿಯ ಪಕ್ಕದಿಂದ ಟೀಚರಮ್ಮ ಎದ್ದರು. ತಂಗಿ ಹಿಡಿದೆಳೆದ ಕೈಯನ್ನು ಬಿಡಿಸಿಕೊಂಡು, ಮೇಜನ್ನು ತಡವಿ, ಮಿಕ್ಸರಿನ ಅಂಚು ಹಿಡಿದರು. ತರಗತಿಯಲ್ಲಿ ಕಡೆಯ ಬೆಂಚಿಗೂ ಮುಟ್ಟುವಂಥ ದನಿಯಲ್ಲಿ, ಆ ಕೂಗಿನ ಮೇಲೆ ಕೇಳಿದರು:

"ಯಾವುದಮ್ಮಾ?"

"ಎಡಗಡೆಯಿಂದ ಎರಡನೇದು" ಎಂದಳು ಮಗಳು. "ಕೆಳಕ್ಕೆ ಎಳೀರಿ."

ಸುಕ್ಕುಗಟ್ಟಿದ ಬೆರಳು ಮೊದಲನೆಯ ಫೇಡರನ್ನು ಸವರಿ ದಾಟಿತು. ಎರಡನೆಯದರ ಮೇಲೆ ನಿಂತು, ಅದನ್ನು ಒಂದು ಕೂದಲೆಳೆಯಷ್ಟು ಇಳಿಸಿತು, ಮತ್ತೊಂದಷ್ಟು ಇಳಿಸಿತು. ಕೂಗು ತೆಳುವಾಗಿ ಅಡಗಿತು. ಅಂಗಳದ ಜನ ಕಿಟಕಿಗಳಿಗೆ ಬಂದು ನಿಂತಿದ್ದರು. ಟೀಚರಮ್ಮ ಅಲ್ಲಿಗೆ ನಿಲ್ಲಿಸಿದರು. ಪೂರ್ತಿ ಎಳೆಯಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು, ಕಾಣದ ಮುಖವನ್ನು ಮುಂದಕ್ಕೆ ಚಾಚಿ, ತೆರೆದೇ ಇದ್ದ ಮೈಕಿನಲ್ಲಿ ಆ ಹುಡುಗಿ ಉಸಿರೆಳೆದುಕೊಳ್ಳುವುದನ್ನು ಕೇಳುತ್ತ, ಮುಂದಿನ ಮಾತಿಗೆ ಕಾದರು.