ಚುಕ್ಕಿ ಕಿತ್ತ ಗಿಟಾರ್

ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ಹುಟ್ಟಿದ್ದು ಕಲ್ಕತ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಕೆಂಪು ಮೈ, ಕರಿಮರದ ಕುತ್ತಿಗೆ. ಆ ಕುತ್ತಿಗೆಯಲ್ಲಿ ಅಲ್ಲಲ್ಲಿ ಕುಳಿ ಕೊರೆದು ಒಬ್ಬ ಮುದುಕ ಚಿಪ್ಪಿನ ಬಿಳಿ ಚುಕ್ಕಿಗಳನ್ನು ಕೂರಿಸಿದ. ಬೆರಳು ಎಲ್ಲಿದೆ, ಇನ್ನೆಷ್ಟು ದೂರ ಜಾರಬೇಕು ಎಂಬುದನ್ನು ಬಾರಿಸುವವರು ಆ ಚುಕ್ಕಿಗಳನ್ನು ನೋಡಿಯೇ ತಿಳಿಯುತ್ತಾರೆ.

ಹುಬ್ಬಳ್ಳಿಯ ಪ್ರಹ್ಲಾದ ನನ್ನನ್ನು ಕೊಂಡ. ಹಗಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ, ಕಾರ್ಯಕ್ರಮವಿದ್ದಾಗ ರುದ್ರಗೌಡರ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ. ಅವನು ಕ್ಲಾಸಿಗೆ ಹೋದ ಮೇಲೆ ಹೆಂಡತಿ ವನಮಾಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದಳು. ಕಲಿಸಿದವರು ಯಾರೂ ಇಲ್ಲ. ಗಂಡ ಬಾರಿಸಿದ್ದನ್ನು ಅಡುಗೆಮನೆಯಿಂದ ಕೇಳಿ, ಚುಕ್ಕಿ ನೋಡಿ ನೋಡಿ ಹುಡುಕಿದಳು. ಎರಡು ವರ್ಷದಲ್ಲಿ ಗಂಡನನ್ನು ಮೀರಿಸಿದಳು. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ರುದ್ರಗೌಡರು ಮನೆಗೆ ಬಂದವರು ಅವಳು ಬಾರಿಸುವುದನ್ನು ಬಾಗಿಲಲ್ಲೇ ನಿಂತು ಕೇಳಿದರು. ಪ್ರಹ್ಲಾದನನ್ನು ಕರೆಸಿ, "ಇಂಥಾ ಕೈ ಮನ್ಯಾಗ ಇಟಗೊಂಡು ಸುಮ್ಮನ ಕುಂತೀಯಲ್ಲೋ! ಗದಗಿನ ಗಣಪತಿ ಕಾರ್ಯಕ್ರಮಕ್ಕ ಅಕೀನ ಬಾರಸ್ಲಿ," ಎಂದರು.

ಪ್ರಹ್ಲಾದ ನಕ್ಕು ಒಪ್ಪಿದ. ಮರುದಿನ, "ತಂತಿ ಬದಲಿ ಮಾಡಿಸ್ತೀನಿ," ಎಂದು ನನ್ನನ್ನು ಟೈಪಿಂಗ್ ಕ್ಲಾಸಿಗೆ ಒಯ್ದು ಬಾಗಿಲು ಹಾಕಿಕೊಂಡ. ಚೂರಿಯ ಮೊನೆಯಿಂದ ಒಂದೊಂದೇ ಚುಕ್ಕಿಯನ್ನು ಮೀಟಿ ಕಿತ್ತ. ಕುಳಿಗಳಿಗೆ ಕರಿ ಅರಗು ತುಂಬಿದ. ಕುತ್ತಿಗೆಯ ಅಂಚಿನಲ್ಲಿದ್ದ ಸಣ್ಣ ಗುರುತುಗಳನ್ನೂ ಬಿಡದೆ ಕೆರೆದು ಬೂಟ್ ಪಾಲಿಶ್ ಹಚ್ಚಿದ. ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದ.

ಗದಗದಲ್ಲಿ ವೇದಿಕೆ ಹತ್ತಿದ ಮೇಲೆಯೇ ನನ್ನನ್ನು ಅವಳ ಕೈಗೆ ಕೊಟ್ಟ. ಅವಳು ಕೆಳಗೆ ನೋಡಿದಳು. ಬರೀ ಕಪ್ಪು. ಅಷ್ಟರಲ್ಲಿ ತಬಲಾ ಶುರುವಾಗಿತ್ತು. ಮೇಲಿನ ಸ್ವರಕ್ಕೆ ಜಾರಿದ ಬೆರಳು ಒಂದು ಸ್ವರದ ಮನೆ ಆಚೆ ಬಿದ್ದು ನಾನು ಕಿರುಚಿದೆ. ಮಂದಿ ಸಿಳ್ಳೆ ಹೊಡೆದರು. "ಕೆಳಗಿಳೀವ್ವಾ, ರೊಟ್ಟಿ ಬಡಿ ಹೋಗು!" ಎಂದು ಯಾರೋ ಕೂಗಿದರು. ಪ್ರಹ್ಲಾದ ತನ್ನ ಹಳೆಯ ಗಿಟಾರ್ ಹಿಡಿದು ಮುಂದೆ ಬಂದು ಹಾಡು ಮುಗಿಸಿದ. ಚಪ್ಪಾಳೆ ಬಿತ್ತು.

ಪರದೆಯ ಹಿಂದೆ ಅವಳು ಕೇಳಿದಳು: "ನೀವಽ ಕಿತ್ತೀರೇನ್ರಿ?"

"ಹೌದು. ಏನ್ ಮಾಡ್ತೀ?"

ಅವಳು ಅಳಲಿಲ್ಲ. ಮರುದಿನ ಅವನು ಕ್ಲಾಸಿಗೆ ಹೋದೊಡನೆ ನನ್ನನ್ನು ಎತ್ತಿಕೊಂಡಳು. ಕಣ್ಣಿಗೆ ದಾರಿ ಇರಲಿಲ್ಲ, ಕಿವಿಯನ್ನೇ ನಂಬಿದಳು. ತಪ್ಪಿದಲ್ಲೇ ನೂರು ಸಲ ಜಾರಿದಳು. ಬೆರಳ ತುದಿ ಒಡೆದು ರಕ್ತ ತಂತಿಗೆ ಹತ್ತಿತು. ಎಂಟು ತಿಂಗಳಾದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಬಾರಿಸಿದರೂ ಒಂದು ಸ್ವರವೂ ತಪ್ಪುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರಹ್ಲಾದ ಬೇಗ ಬಂದ. ಬಾಗಿಲಲ್ಲಿ ನಿಂತು, ಗದಗದಲ್ಲಿ ತಪ್ಪಿದ ಅದೇ ಹಾಡನ್ನು ಕೊನೆಯತನಕ ಕೇಳಿದ. ಬೂಟು ಕಳಚಿ, ಕೈಕಾಲು ತೊಳೆದು, ಅವಳು ಬಡಿಸಿದ್ದನ್ನು ಉಂಡ. ಆಮೇಲೆ ನನ್ನನ್ನು ಎತ್ತಿಕೊಂಡು ಹೊರಟ.

"ಒಯ್ಯಬ್ಯಾಡ್ರಿ," ಎಂದು ಅವಳು ಹೊಸ್ತಿಲಲ್ಲಿ ನನ್ನ ಕುತ್ತಿಗೆ ಹಿಡಿದಳು. ಅವನು ನನ್ನನ್ನು ಕಿತ್ತುಕೊಂಡು, ಚೌಕಟ್ಟು ಹಿಡಿದ ಅವಳ ಬೆರಳುಗಳ ಮೇಲೆಯೇ ಬಾಗಿಲು ಎಳೆದ. ಆ ಸದ್ದಿಗೆ ನನ್ನ ಆರೂ ತಂತಿಗಳು ನಡುಗಿದವು.

ನನ್ನನ್ನು ಕೊಂಡದ್ದು ಧಾರವಾಡದ ಒಬ್ಬ ಕಾಲೇಜು ಹುಡುಗ. "ಚುಕ್ಕಿನೇ ಇಲ್ಲ, ಎಷ್ಟ್ ಸ್ಟೈಲ್ ಐತಿ ನೋಡ್ರಲೇ!" ಎಂದು ಗೆಳೆಯರಿಗೆ ತೋರಿಸಿದ. ನನ್ನ ಗಾಯವನ್ನು ಅವರೆಲ್ಲ ಸವರಿ ಮೆಚ್ಚಿದರು. ಆದರೆ ಒಂದು ಹಾಡನ್ನೂ ನೆಟ್ಟಗೆ ಬಾರಿಸಲಾಗದೆ ಅವನು ತಿಂಗಳಲ್ಲೇ ನನ್ನನ್ನು ಮಾರಿದ. ಅವನ ನಂತರ ಇನ್ನೂ ನಾಲ್ಕು ಕೈ ದಾಟಿದೆ.

ಈಗ ರಿಪೇರಿ ಅಂಗಡಿಯೊಂದರ ಮೂಲೆಯಲ್ಲಿ, ತಂತಿಯಿಲ್ಲದೆ, ಒಡೆದ ಹಾರ್ಮೋನಿಯಂ ಮೇಲೆ ಬಿದ್ದಿದ್ದೇನೆ. ಬರುವವರು ಎತ್ತಿ ನೋಡಿ, ಗುರುತಿಲ್ಲವೆಂದು ಕೆಳಗಿಡುತ್ತಾರೆ. ಗುರುತು ಬೇಡದವಳೊಬ್ಬಳು ಇದ್ದಳು. ಅವಳ ಬೆರಳುಗಳನ್ನು ಆಮೇಲೆ ಮಡಚಲು ಬಂತೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ.