ಎರಡು ಚೂರು, ಒಂದೇ ಕೆಂಪು

ನಮ್ಮಪ್ಪ ಡ್ರೈವಿಂಗ್ ಕಲಿಸೋ ಮೇಷ್ಟ್ರು. ಇನ್ನೊಬ್ಬರ ಮಾತು ಕಿವಿಗೆ ಹಾಕಿಕೊಳ್ಳುವ ಜಾಯಮಾನವೇ ಅವರದಲ್ಲ. ನನ್ನ ಲ್ಯಾಬಿಗೆ ಬಂದವರೇ, ನನ್ನ ಮೈಯಿಂದ ತೆಗೆದಿದ್ದನ್ನ ನಾನೇ ನೋಡ್ಬೇಕು ಅಂತ ಸ್ಟೂಲ್ ಎಳೆದು ಕೂತುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹಟದಲ್ಲಿ ನಾನೇನು ಕಡಿಮೆಯೇ, ಅವರ ಮಗಳೇ ತಾನೆ! ಆದರೆ ನಮ್ಮ ಲ್ಯಾಬಿನ ಡಾಕ್ಟರಮ್ಮ ನಕ್ಕು, ಪರವಾಗಿಲ್ಲ, ತೋರಿಸು ಅಂದುಬಿಟ್ಟರು.

ಅಪ್ಪನ ಪ್ರಾಸ್ಟೇಟ್ ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆದಾಗಿತ್ತು. ಕ್ಯಾನ್ಸರ್ ಅದರೊಳಗೇ ಉಳಿದಿದ್ದರೆ ಅಲ್ಲಿಗೆ ಪೀಡೆ ತೊಲಗಿತು. ಅಂಚು ದಾಟಿದ್ದರೆ ಮೂಳೆಯವರೆಗೂ ಹೋದೀತು. ಜೀವಕೋಶಗಳಿಗೆ ಜಾಗ ಬಿಟ್ಟು ಹೊರಡುವ ಶಕ್ತಿ ಕೊಡುವ ಜೀನ್ ಒಂದಿದೆ. ಎಲ್ಲರ ಮೈಯಲ್ಲೂ ಇದೆ, ಸುಮ್ಮನೆ ಮಲಗಿರುತ್ತದೆ. ತೆಗೆದ ಗ್ರಂಥಿಯ ತೆಳು ಚೂರನ್ನು ಗಾಜಿನ ಮೇಲಿಟ್ಟು, ಆ ಜೀನ್ ಎದ್ದು ಕೆಲಸಕ್ಕೆ ನಿಂತಿದ್ದರೆ ಕೆಂಪು ಚುಕ್ಕೆಯಾಗಿ ಕಾಣುವಂತೆ ಬಣ್ಣ ಹಾಕೋದು ನನ್ನ ಕೆಲಸ.

ಬಣ್ಣ ಸರಿಯಾಗಿ ಹಿಡಿದಿದೆಯೋ ಇಲ್ಲವೋ ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಗಾಜಿನ ಮೂಲೆಯಲ್ಲೂ ಆ ಜೀನ್ ಖಂಡಿತ ಎದ್ದಿರುವ ಇನ್ನೊಂದು ಚೂರು ಇಡುತ್ತೇವೆ. ಯಾರೋ ತಾಯಿ ಹೆರಿಗೆಯಾದ ಮೇಲೆ ಕೊಟ್ಟುಹೋದ ಮಾಸು ಅದು.

ಮೊದಲು ನಾನೇ ಮೈಕ್ರೋಸ್ಕೋಪಿನಲ್ಲಿ ಇಣುಕಿದೆ. ಮಾಸು ಕೆಂಪಾಗಿತ್ತು. ಅಪ್ಪನ ಚೂರೂ ಕೆಂಪಾಗಿತ್ತು, ಗ್ರಂಥಿಯ ಅಂಚಿನ ಆಚೆಗೂ. ಎದ್ದು ಅಪ್ಪನಿಗೆ ಜಾಗ ಬಿಟ್ಟೆ.

ಅಪ್ಪ ಬಹಳ ಹೊತ್ತು ನೋಡಿದರು. ಅಬ್ಬಬ್ಬಾ, ಎಷ್ಟು ಚೆಂದ ಇದೆ ಅಂದರು. ಎರಡರಲ್ಲಿ ಯಾವುದು ತಮ್ಮದು ಅಂತ ಅವರಿಗೆ ಗೊತ್ತಾಗಲಿಲ್ಲ. ತೋರಿಸಿಕೊಟ್ಟೆ. ಇದೇ ಜೀನ್ ಎದ್ದು ಮಾಸಿನ ಕೋಶಗಳೂ ಹೀಗೇ ಬಸುರಿಯ ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗುತ್ತವೆ, ತಾಯಿಯ ರಕ್ತದಿಂದ ಮಗುವಿಗೆ ಬೇಕಾದ್ದನ್ನು ತಂದುಕೊಡುತ್ತವೆ, ಆದರೆ ಒಂದು ಕಡೆ ತಾವಾಗಿಯೇ ನಿಂತುಬಿಡುತ್ತವೆ ಅಂತ ಹೇಳಿದೆ. ಹಂಗಾದ್ರೆ ಅದಕ್ಕೆ ಬ್ರೇಕ್ ಇದೆ ಅನ್ನು, ಅಂದರು. ಆ ಬ್ರೇಕ್ ಒತ್ತೋದು ಯಾರು ಅಂತಲೂ ಕೇಳಿದರು. ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ ಅಂದೆ. ದಿನಬೆಳಗಾದರೆ ಇದನ್ನೇ ನೋಡುವ ನನಗೂ ಆಗ ಮೈ ಜುಮ್ಮೆಂದಿತು.

"ನನ್ನದು ದಾಟಿದೆಯೇನಮ್ಮಾ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. "ದಾಟಿದೆ, ಅಪ್ಪ."

ಔಷಧಿ ಇದೆ, ತಡೆಹಿಡಿಯೋಕೆ ನೋಡೋಣ ಅಂತ ಡಾಕ್ಟರಮ್ಮ ಸಮಾಧಾನ ಹೇಳಿದರು. ಅಪ್ಪ ಹೂಂ ಅಂದು ಮತ್ತೆ ಕಣ್ಣಿಟ್ಟರು. ಈ ಸಲ ಮೂಲೆಯ ಚೂರನ್ನೇ ನೋಡುತ್ತಿದ್ದರು.

"ನೀನು ಹುಟ್ಟಿದ್ದೂ ಈ ಜೀನ್ ಎದ್ದಿದ್ದರಿಂದಲೇ ತಾನೆ?"

ಹೌದು ಅಂದೆ.

"ಹಂಗಾದ್ರೆ ಇದನ್ನ ಬೈಯೋಕೆ ನನಗೆ ಬಾಯಿ ಬರಲ್ಲ ಬಿಡು" ಅಂದರು. ತಲೆ ಎತ್ತದೆಯೇ ನನ್ನ ಕೈ ಹುಡುಕಿ ಹಿಡಿದುಕೊಂಡರು.