ಪಡಸಾಲೆಯಿಲ್ಲದ ಮನೆ

“ಕಾಲ ಕಡೆ ಎತ್ತು ಅಸ್ರಿಲ್, ಇನ್ನೂ ಸ್ವಲ್ಪ… ಏ ನಿಲ್ಲು, ಗೋಡೆಗೆ ತಾಗ್ತು!”

ನಾಲ್ವರು ಗಂಡಸರು ಶವದ ಮಂಚ ಹೊತ್ತು ನಡುದಾರಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದರು. ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿದ ಮೇಲೆ ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ತರಬೇಕಾದದ್ದು ಹದಿನೈದೇ ಹೆಜ್ಜೆ. ಆದರೆ ಮಂಚ ಮೂಲೆಯಲ್ಲಿ ತಿರುಗಲೊಲ್ಲದು. ಓರೆ ಮಾಡಿದರು, ಹಿಂದಕ್ಕೆ ಸರಿಸಿದರು, ಮತ್ತೆ ಮುಂದೆ ತಂದರು.

“ಕಟ್ಟಿದೋನಿಗೇ ದಾರಿ ಬಿಡ್ತಿಲ್ವಲ್ಲೋ ಈ ಮನೆ,” ಎಂದ ಹಿಂದಿದ್ದವನು. ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಕೊನೆಗೆ ಬರಿಮಂಚವನ್ನು ಬಾಗಿಲಾಚೆ ಸಾಗಿಸಿ, ಸೋದರಳಿಯ ಅಸ್ರಿಲ್ ಮಾವನನ್ನು ತೋಳಲ್ಲೇ ಎತ್ತಿಕೊಂಡು ಬಂದ. ಪಾಡಾಂಗ್ ಪಟ್ಟಣದಲ್ಲಿ ನಲವತ್ತು ವರ್ಷ ಶಾಲೆ, ಅಂಚೆ ಕಚೇರಿ, ಸಿನಿಮಾ ಮಂದಿರಗಳ ನಕ್ಷೆ ಬರೆದ ಮಾರ್ಜೋಹಾನರು ಇಷ್ಟು ಹಗುರ ಇರಬಹುದೆಂದು ಅವನು ಎಣಿಸಿರಲಿಲ್ಲ.

ನಮ್ಮ ಮಿನಾಂಗ್ ಸೀಮೆಯಲ್ಲಿ ಮನೆ ಹೆಂಗಸರದು. ಗಂಡಸು ಎಲ್ಲೇ ಬದುಕಲಿ, ಸತ್ತ ಮೇಲೆ ತಾಯಿಯ ಮನೆಗೆ ಬರಬೇಕು. ಆ ಮನೆಯ ಹೆಂಗಸರು ಉದ್ದ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಹಿರಿಕಿರಿಯ ಸಾಲಿನಲ್ಲಿ ಕೂತು ಅವನನ್ನು ಕಳಿಸಿಕೊಡಬೇಕು. ಈ ಮನೆಯಲ್ಲಿ ಪಡಸಾಲೆಯೇ ಇಲ್ಲ. ಬಂದಿದ್ದ ಮೂವತ್ತು ಹೆಂಗಸರಲ್ಲಿ ಐವರು ಮುಂದಿನ ಕೋಣೆಯಲ್ಲಿ ಶವದ ಸುತ್ತ ಮಂಡಿಗೆ ಮಂಡಿ ತಾಗಿಸಿ ಕೂತರು. ಉಳಿದವರು ನಾಲ್ಕು ಕೋಣೆಗಳಲ್ಲೂ ಅಡುಗೆಮನೆಯಲ್ಲೂ ಹಂಚಿಹೋಗಿ, ಕಾಫಿ ಎಲೆಯ ಕಷಾಯ ಕುಡಿಯುತ್ತ, ಅಳು ಬಂದರೆ ತಂತಮ್ಮ ಪಾಡಿಗೆ ಅಳುತ್ತಿದ್ದರು.

ತಲೆಯ ಬಳಿ ಮಾರ್ಜೋಹಾನರ ಅಕ್ಕ, ಅಸ್ರಿಲ್‌ನ ತಾಯಿ ಯುಸ್ನಿದಾರ್ ಕೂತಿದ್ದಳು. ಎಂಬತ್ತು ವರ್ಷ, ಒಣಗಿದ ಕಣ್ಣು, ಬಿಗಿದ ತುಟಿ. ಮಗಳು ರೋಸ್ಮಾಯ್ನಿ ಬಂದು ಕಿವಿಯ ಹತ್ತಿರ ಬಗ್ಗಿದಳು.

“ಅವ್ವಾ, ಎಲ್ರೂ ಕೇಳ್ತಿದಾರೆ. ಹಾಡ್ತೀಯೋ ಇಲ್ವೋ?”

“ಹಾಡಬೇಡಿ ಅಂತ ಅವನೇ ಅಚ್ಚು ಹಾಕಿಸಿದಾನಲ್ಲ.”

“ಅದು ನಾನು ಲಂಗ ಹಾಕ್ತಿದ್ದ ಕಾಲದ್ದು. ಹೋದ ವರ್ಷ ಮಾವ ಏನು ಕೇಳಿದ್ರು ಅನ್ನೋದೂ ನಂಗೊತ್ತು.”

“ನಿಂಗೆ ಎಲ್ಲಾ ಗೊತ್ತು. ಹೋಗು, ಕಷಾಯ ಕೊಡು ಬಂದೋರಿಗೆ.”

*

ಮಾರ್ಜೋಹಾನ್ ದೂರದ ಬಾಂಡುಂಗ್ ಪಟ್ಟಣದಲ್ಲಿ ಕಟ್ಟಡದ ಓದು ಮುಗಿಸಿ ಬಂದಾಗ ಇಪ್ಪತ್ತೊಂಬತ್ತು. ಕಂಕುಳಲ್ಲಿ ನಕ್ಷೆಯ ಸುರುಳಿ, ಜೇಬಿನಲ್ಲಿ ಪ್ರಾಸವಿಲ್ಲದ ಕವಿತೆಗಳು. ಎಮ್ಮೆಕೊಂಬಿನ ಹಾಗೆ ಎರಡೂ ತುದಿ ಮೇಲೆದ್ದ ಮಾಡಿನ ಹಳೆಯ ಮನೆಗೆ ಆಗ ಗೆದ್ದಲು ಹತ್ತಿತ್ತು.

“ಈ ಪಡಸಾಲೇಲಿ ಇಡೀ ವಂಶ ಇದೆ, ಮನುಷ್ಯ ಎಲ್ಲಿದಾನೆ?” ಎಂದು ತಾಯಿಯ ಮುಂದೆ ಕೇಳಿದ. “ಒಬ್ಬೊಬ್ರಿಗೆ ಒಂದೊಂದು ಕೋಣೆ ಬೇಕವ್ವ. ಕಿಟಕಿ ಬೇಕು. ಬಾಗಿಲು ಬೇಕು.”

ತಾಯಿ ಒಪ್ಪಿರಲಿಲ್ಲ. ಒಪ್ಪಿಸಿದವಳು ಯುಸ್ನಿದಾರಳೇ. ಮದುವೆಯಾಗಿ ಹನ್ನೆರಡು ವರ್ಷ, ಗಂಡ ರಾತ್ರಿ ತಂಗಲು ಬಂದರೆ ಅವಳಿಗೂ ಊರಿಗೂ ನಡುವೆ ಇದ್ದದ್ದು ಒಂದು ಪರದೆ. ಕೆಮ್ಮಿದರೆ ಕೊನೆಯ ಮೂಲೆಯ ಅಜ್ಜಿ ಶುಂಠಿ ಕೊಡಲು ಏಳುತ್ತಿದ್ದಳು.

“ಅಗಳಿ ಇರತ್ತಾ ಬಾಗಿಲಿಗೆ?” ಎಂದು ತಮ್ಮನನ್ನು ಕೇಳಿದ್ದಳು.

“ಒಳಗಿಂದ, ಅಕ್ಕ.”

ಹೊಸ ಮನೆ ಎದ್ದಿತು. ಚಪ್ಪಟೆ ತಾರಸಿ, ಸಿಮೆಂಟು ಗೋಡೆ, ಒಂದು ಹೂವಿನ ಕೆತ್ತನೆಯೂ ಇಲ್ಲ. ಹಿಂದಿದ್ದ ಹಳೆಯದನ್ನು ಬಿಚ್ಚಿದರು. ಮೊದಲ ದಿನ ಯುಸ್ನಿದಾರ್ ಅಗಳಿ ಹಾಕಿ, ತೆಗೆದು, ಮತ್ತೆ ಹಾಕಿ ಒಬ್ಬಳೇ ನಕ್ಕಿದ್ದಳು. ಅದನ್ನು ಅವಳು ಯಾರಿಗೂ ಹೇಳಿಲ್ಲ.

ಮರುವರ್ಷ ತಮ್ಮನ ಲೇಖನ ಒಂದು ಪತ್ರಿಕೆಯಲ್ಲಿ ಬಂತು. ಸಂತೆಯ ಕಾಫಿ ಅಂಗಡಿಯಲ್ಲಿ ಶಾಲೆಯ ಮೇಷ್ಟ್ರು ಗಟ್ಟಿಯಾಗಿ ಓದಿದರು: “ನಮ್ಮ ಪ್ರಾಸದ ಪದ್ಯಗಳು ಗೆದ್ದಲು ತಿಂದ ಕಂಬಗಳು. ಮೇಲೆ ಕೆತ್ತನೆ, ಒಳಗೆ ಟೊಳ್ಳು. ನಾನು ಸತ್ತಾಗ ಅವನ್ನು ಯಾರೂ ನನ್ನ ಮೇಲೆ ಹೊರಿಸಬೇಡಿ.”

ಸುತ್ತಲ ಏಳು ಊರಿನಲ್ಲಿ ಸಾವಿನ ಪದ್ಯ ಹಾಡಲು ಕರೆಯುತ್ತಿದ್ದದ್ದು ಯುಸ್ನಿದಾರಳನ್ನು. ಮೊದಲರ್ಧ ಅವಳದು: ಒಂದು ಗುಡ್ಡ, ಒಂದು ದೋಣಿ, ಒಂದು ಹಕ್ಕಿ. ಅದರ ಅರ್ಥ ಹೇಳುವ ಇನ್ನರ್ಧ ಗೋಡೆಗೊರಗಿ ಕೂತ ಹೆಂಗಸರದು. ಅವರು ಹೇಳಿದರೇ ಪದ್ಯ ಮುಗಿದಂತೆ. ಸುದ್ದಿ ಕೇಳಿದ ದಿನ ಅವಳು ತಟ್ಟೆ ತೊಳೆಯುತ್ತಿದ್ದಳು. “ಹಾಗಾದ್ರೆ ಟೊಳ್ಳೇ ಇರ್ಲಿ,” ಎಂದಳು. ಅಂದಿನಿಂದ ತಾಯಿ ಸತ್ತಾಗಲೂ ಹಾಡಲಿಲ್ಲ, ಗಂಡ ಸತ್ತಾಗಲೂ ಇಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಎನ್ನುತ್ತಾರಲ್ಲ, ಹಾಗೆ.

*

ಮಳೆ ಬರುವ ನಮ್ಮ ನಾಡಿಗೆ ಚಪ್ಪಟೆ ತಾರಸಿ ಒಗ್ಗಲಿಲ್ಲ. ನಲವತ್ತಾರು ವರ್ಷವೂ ಮಾರ್ಜೋಹಾನ್ ಮಳೆಗಾಲದ ಮುಂಚೆ ಡಾಂಬರಿನ ಡಬ್ಬಿ ಹಿಡಿದು ಬರುತ್ತಿದ್ದ. ಮಾತಿಲ್ಲ ಕತೆಯಿಲ್ಲ, ಏಣಿ ಹತ್ತಿ ಬಿರುಕು ಮುಚ್ಚಿ ಇಳಿಯುತ್ತಿದ್ದ. ಹೋದ ವರ್ಷ ಏಣಿ ಇಳಿದವನು ಕೊನೆಯ ಮೆಟ್ಟಿಲಲ್ಲೇ ಕೂತ.

“ಅಕ್ಕ, ದೋಣಿ ಪದ್ಯ ಒಂದ್ಸಲ ಹೇಳೆ.”

“ಯಾಕೆ? ಮತ್ತೆ ಪೇಪರ್‌ಗೆ ಬರೀಬೇಕಾ?”

“ಇಲ್ಲ. ನಾನು ಬರೆದದ್ದು ಒಂದು ಸಾಲೂ ನಂಗೆ ಬಾಯಿಗೆ ಬರಲ್ಲ. ರಾತ್ರಿ ನಿದ್ದೆ ಬರ್ದೇ ಇದ್ರೆ ಬರೋದು ನಿನ್ನ ಅರ್ಧ ಮಾತ್ರ. ಇನ್ನರ್ಧ ಮರೆತೋಗಿದೆ. ತಪ್ಪಾಯ್ತು ಕಣೆ.”

ಪದ್ಯ ಅವಳ ನಾಲಿಗೆಯ ತುದಿಗೇ ಬಂತು. ಬಂದದ್ದರ ಸಿಟ್ಟಿಗೇ ಅವಳು, “ಟೊಳ್ಳು ಕಂಬಕ್ಕೆ ಒರಗಬೇಡ, ಬಿದ್ದೀಯ,” ಎಂದು ಒಳಗೆ ಹೋದಳು. ಹೋಗಿ ಅಗಳಿ ಹಾಕಿಕೊಂಡಳು.

*

“ನಮಾಜಿಗೆ ಹೊತ್ತಾಯ್ತು. ಎತ್ತೋಣವಾ?” ಎಂದರು ಇಮಾಮರು ಬಾಗಿಲಲ್ಲಿ.

ಯುಸ್ನಿದಾರ್ ಎದ್ದಳು. ಗೋಡೆ ಹಿಡಿದು ಎದ್ದಳು.

“ಅಸ್ರಿಲ್, ಅವನನ್ನ ಹಿತ್ತಿಲಿಗೆ ತಾ. ಹಳೇ ಮನೆ ಜಾಗಕ್ಕೆ.”

“ಅವ್ವಾ, ಬಿಸಿಲು—”

“ತಾ ಅಂದೆ.”

ಭತ್ತ ಒಣಗಿಸುವ ಬಯಲು ಅದು. ಕಂಬ ಕೂರಿಸುತ್ತಿದ್ದ ಕಲ್ಲುಗಳು ಅಲ್ಲಲ್ಲಿ ನೆಲದಿಂದ ತಲೆ ಎತ್ತಿದ್ದವು. ನಡುವೆ ಮಂಚ ಇಟ್ಟರು. ಯುಸ್ನಿದಾರ್ ಕೋಲು ಚಾಚಿ ಹೆಂಗಸರನ್ನು ಕೂರಿಸತೊಡಗಿದಳು. “ನಿಮ್ಮಜ್ಜಿ ಕೂರ್ತಿದ್ದದ್ದು ಆ ಕಲ್ಲಿನ ಹತ್ರ, ಹೋಗು. ನೀನು ಇಲ್ಲಿ. ಏ ಹುಡುಗಿ, ಫೋನು ಒಳಗಿಡು.” ಮೂವತ್ತು ಹೆಂಗಸರು ಉದ್ದಕ್ಕೆ ಸಾಲಾಗಿ ಕೂತರು. ಸಾವಿಗೆ ಹಾಡುವುದು ಇಮಾಮರಿಗೆ ಹಿಡಿಸದು. ಆದರೂ ದೊಡ್ಡ ಮನಸ್ಸು ಮಾಡಿ ಬೇಲಿಯ ಕಡೆ ತಿರುಗಿ ನಿಂತರು.

ಅವಳು ತಮ್ಮನ ತಲೆಯ ಬಳಿ ಕೂತು ಬಾಯಿ ತೆರೆದಳು. ಧ್ವನಿ ಒಡಕಾಗಿತ್ತು.

“ಹೊಳೆಯ ದಾಟಿದ ದೋಣಿಯೊಂದು ಆಚೆ ದಡಕೆ ಕಟ್ಟಿತು…”

ನಿಲ್ಲಿಸಿದಳು. ಕಾದಳು. ಹೆಂಗಸರು ಮಡಿಲು ನೋಡುತ್ತಿದ್ದರು.

“ಹೇಳ್ರೇ. ನಿಮ್ಮ ಅರ್ಧ.”

ರೋಸ್ಮಾಯ್ನಿ ತಲೆ ತಗ್ಗಿಸಿಯೇ ಹೇಳಿದಳು:

“ನಮಗೆ ಬರಲ್ಲ ಅವ್ವಾ. ನೀನು ಹಾಡೋದು ಬಿಟ್ಟ ಮೇಲೆ ಯಾರೂ ಕಲೀಲಿಲ್ಲ.”

ಯುಸ್ನಿದಾರ್ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇನ್ನರ್ಧ ಬಲ್ಲವರೆಲ್ಲ ಗುಡ್ಡದ ಸಮಾಧಿಗಳಲ್ಲಿ ಮಲಗಿದ್ದರು. ಅವನು ಗೋಡೆ ಕೆಡವಿದ್ದ, ನಿಜ. ಪದ್ಯವನ್ನು ಅಗಳಿ ಹಾಕಿ ಕೊಂದವಳು ತಾನು. ಈಗ ಕ್ಷಮೆ ಕೇಳೋಣವೆಂದರೆ ಕೇಳಿಸಿಕೊಳ್ಳುವವನು ಬಿಳಿ ಬಟ್ಟೆಯೊಳಗಿದ್ದ. ಅವಳು ಅತ್ತಳು, ಸೆರಗಿನಲ್ಲಿ ಮುಖವನ್ನೂ ಮುಚ್ಚಿಕೊಳ್ಳದೆ ಅತ್ತಳು.

“ಎತ್ತೋಣವಾ ಅವ್ವಾ?” ಎಂದ ಅಸ್ರಿಲ್ ಮೆಲ್ಲಗೆ.

“ಎತ್ತಿ. ನಾನು ಹಾಡು ನಿಲ್ಲಿಸಲ್ಲ.”

ನಾಲ್ವರು ಮಂಚಕ್ಕೆ ಹೆಗಲು ಕೊಟ್ಟರು. ಅವಳು ಗುಡ್ಡದ ಅರ್ಧ ಹಾಡಿ, ಹೆಂಗಸರ ಅರ್ಧಕ್ಕೆ ಹಿಡಿಯುವಷ್ಟು ಹೊತ್ತು ಸುಮ್ಮನಿದ್ದಳು. ಹಕ್ಕಿಯ ಅರ್ಧ ಹಾಡಿ, ಮತ್ತೆ ಅಷ್ಟೇ ಹೊತ್ತು ಸುಮ್ಮನಾದಳು. ಹೊತ್ತವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವಳು ಸುಮ್ಮನಾದಾಗಲೆಲ್ಲ ಅವರು ನಿಂತರು, ಹಾಡಿದಾಗ ನಡೆದರು. ಬಿಸಿಲಿನಲ್ಲಿ ಮೂವತ್ತು ಹೆಂಗಸರು ಇಲ್ಲದ ಗೋಡೆಗೆ ಬೆನ್ನು ನೆಟ್ಟಗೆ ಕೊಟ್ಟು, ಬಾಯಿ ಮುಚ್ಚಿ ಕೂತಿದ್ದರು.